ಇಡ್ಲಿ ತಿನ್ನೋಕೂ ಇಳಕಲ್ ಸೀರೆ

ಕಳೆದ ಶನಿವಾರ ಬೆಳಿಗ್ಗೆ ಎಂಟರ ಹೊತ್ತಿಗೆ ಬಸವನಗುಡಿಯ ಒಂದು ದರ್ಶಿನಿಯಲ್ಲಿ ಟೋಕನ್ ಹಿಡಿದು ನಿಂತಿದ್ದೆ. ಹಸಿರು ಮೈಯ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ರವಿಕೆ, ಮುಡಿಗೆ ಒಂದು ಮೊಳ ಮಲ್ಲಿಗೆ. ಪಕ್ಕದಲ್ಲಿ ನಿಂತಿದ್ದ ಹುಡುಗಿ, ಕಾಲೇಜಿನವಳಿರಬೇಕು, "ಆಂಟಿ, ಯಾರದಾದ್ರೂ ಮದುವೆನಾ?" ಅಂತ ಕೇಳಿದಳು. "ಇಲ್ಲಮ್ಮ, ಇಡ್ಲಿ ತಿನ್ನೋಕೆ ಬಂದೆ" ಅಂದೆ. ಅವಳು ನಕ್ಕಳು, ನಾನೂ ನಕ್ಕೆ. ಆದರೆ ನಾನು ಹೇಳಿದ್ದು ಪೂರಾ ನಿಜ. ಆ ಸೀರೆ ಉಟ್ಟದ್ದೇ ಇಡ್ಲಿಗೋಸ್ಕರ.

"ಹೋಟೆಲಿಗೆ ತಾನೆ, ಇದ್ದ ಬಟ್ಟೆಯಲ್ಲೇ ಬಾ" ಅನ್ನುವ ಮಾತು ನನಗೆ ಮೊದಲಿಂದಲೂ ಹಿಡಿಸುವುದಿಲ್ಲ. ನಮ್ಮ ಊರುಗಳ ಸಾದಾ ಸಸ್ಯಾಹಾರಿ ಹೋಟೆಲುಗಳಲ್ಲಿ ಕಸುಬು ಬಲ್ಲವರು ಅಡುಗೆ ಮಾಡುತ್ತಾರೆ. ನಾವಿನ್ನೂ ಮಗ್ಗುಲು ಬದಲಾಯಿಸುವ ಹೊತ್ತಿಗೆ ಅಲ್ಲಿ ಸಾಂಬಾರು ಕುದಿಯುತ್ತಿರುತ್ತದೆ, ಚಟ್ನಿಗೆ ಕಾಯಿ ತುರಿದಾಗಿರುತ್ತದೆ. ದೋಸೆ ಕಾವಲಿಯ ಮುಂದೆ ನಿಂತವರನ್ನು ಒಮ್ಮೆ ಗಮನವಿಟ್ಟು ನೋಡಿ. ನೀರು ಚಿಮುಕಿಸಿ, ಪೊರಕೆಯಿಂದ ಒಂದೇ ಎಳೆತಕ್ಕೆ ಕಾವಲಿ ಗುಡಿಸಿ, ಹಿಟ್ಟು ಸುರಿದು ಸುತ್ತಿಸುವ ಆ ಕೈಗೆ ಎಷ್ಟು ವರ್ಷದ ಪಳಗು ಬೇಕು! ಅಷ್ಟು ಶ್ರದ್ಧೆಯಿಂದ ಮಾಡಿದ್ದನ್ನು ನಾನೂ ತಯಾರಾಗಿ ಬಂದು ತಿನ್ನಬೇಕು ಅನ್ನಿಸುತ್ತದೆ. ದುಬಾರಿ ಜಾಗಕ್ಕೆ ಮಾತ್ರ ಚೆನ್ನಾಗಿ ಉಡಬೇಕು, ಅರ್ಧ ಗಂಟೆಯಲ್ಲಿ ತಿಂದು ಹೊರಡುವ ಕಡೆಗೆ ಬೇಕಿಲ್ಲ ಅನ್ನುವ ಲೆಕ್ಕ ನನಗೆ ಅರ್ಥವೇ ಆಗಿಲ್ಲ.

ನಾನು ಹುಟ್ಟಿ ಬೆಳೆದದ್ದು ಧಾರವಾಡ, ಬೆಂಗಳೂರಿಗೆ ಬಂದು ಇಪ್ಪತ್ತೆಂಟು ವರ್ಷ ಆಯಿತು. ಬಂದ ಹೊಸತರಲ್ಲಿ ನಿಂತು ತಿನ್ನುವುದು ನನಗೆ ಒಗ್ಗಿರಲಿಲ್ಲ. ದರ್ಶಿನಿ ಅನ್ನುವುದೇ 1980ರ ದಶಕದಲ್ಲಿ ಜಯನಗರದಲ್ಲಿ ಶುರುವಾದ ಪದ್ಧತಿ: ದುಡ್ಡು ಕೊಟ್ಟು ಟೋಕನ್ ತಗೊಳ್ಳಿ, ಕೌಂಟರಿನಲ್ಲಿ ತಟ್ಟೆ ಇಸಕೊಳ್ಳಿ, ಎತ್ತರದ ಮೇಜಿನ ಮುಂದೆ ನಿಂತು ತಿನ್ನಿ, ಹೊರಡಿ. ಕುರ್ಚಿ ಇಲ್ಲ, ಮಾಣಿ ಇಲ್ಲ, ಹಾಗಾಗಿ ದರ ಕಡಿಮೆ. ಆಟೋದವರು, ಆಫೀಸಿನವರು, ವಾಕಿಂಗ್ ಮುಗಿಸಿ ಬಂದ ಅಜ್ಜಂದಿರು, ಎಲ್ಲರೂ ಒಂದೇ ಮೇಜಿಗೆ ಮೊಣಕೈ ತಾಗಿಸಿ ನಿಲ್ಲುತ್ತಾರೆ. ಈಗ ನನಗೆ ಅದೇ ಇಷ್ಟ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೂ ಹೋಗುತ್ತೇನೆ. 1943ರಲ್ಲಿ ಶುರುವಾದ ಜಾಗ. ಅಲ್ಲಿ ಕೂತು ತಿನ್ನಬಹುದು, ಕೈಮೇಲೆ ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬರುವ ಸಪ್ಲೈಯರುಗಳನ್ನು ಎಷ್ಟು ಸಲ ನೋಡಿದರೂ ಸಾಕೆನಿಸುವುದಿಲ್ಲ. ಆದರೆ ವಾರದ ದಿನಗಳಲ್ಲಿ ನನ್ನ ಕಾಲು ಎಳೆಯುವುದು ದರ್ಶಿನಿಯ ಕಡೆಗೇ.

ಸೀರೆ ಉಟ್ಟು ನಿಂತು ತಿನ್ನುವುದು ಹೇಗೆ ಅಂತ ಗೆಳತಿಯರು ಕೇಳುತ್ತಾರೆ. ಸೆರಗನ್ನು ಹಿಂದಿನಿಂದ ಬಲಗಡೆಗೆ ತಂದು ಸೊಂಟಕ್ಕೆ ಸಿಕ್ಕಿಸಿ. ನಮ್ಮ ಕಡೆ ಹೊಲಕ್ಕೆ ಹೋಗುವ ಹೆಣ್ಣುಮಕ್ಕಳು ಮಾಡುವುದೇ ಹಾಗೆ. ಸಾಂಬಾರು ಚೆಲ್ಲಿತು ಅನ್ನಿ, ಕೂಡಲೇ ಬರೀ ತಣ್ಣೀರಿನಿಂದ ಒರೆಸಿ. ಸೋಪು ಹಾಕಿದರೆ ಅರಿಶಿನದ ಕಲೆ ಕೆಂಪಾಗುತ್ತದೆ, ನೋಡಿ ಗಾಬರಿಯಾಗುವುದು ಬೇಡ. ಚೆನ್ನಾಗಿ ತೊಳೆದು ಬಿಸಿಲಿಗೆ ಹಾಕಿದರೆ ಅರಿಶಿನ ತಾನೇ ಮಾಸುತ್ತದೆ, ಒಂದೆರಡು ದಿನ ಹಿಡಿಯಬಹುದು ಅಷ್ಟೇ. ಇಳಕಲ್ ಸೀರೆಯ ಮೈ ಹತ್ತಿಯದಾದರೆ ಇದೆಲ್ಲ ತಡೆದುಕೊಳ್ಳುತ್ತದೆ. ಮೈಯ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಎಳೆಎಳೆಯಾಗಿ ಕೊಂಡಿ ಹಾಕಿ ಕೂಡಿಸಿ ನೇಯ್ದ ಬಟ್ಟೆ ಅದು. ಕೆಂಪು ಸೆರಗಿನ ಮೇಲೆ ತೋಪು ತೆನೆ ಅನ್ನುವ ಬಿಳಿಯ ಚಿತ್ತಾರ. ಇಂಥದ್ದನ್ನು ಪೆಟ್ಟಿಗೆಯೊಳಗೆ ಡಾಂಬರು ಗುಳಿಗೆಯ ಜತೆ ಮಲಗಿಸಿ ವರ್ಷಕ್ಕೊಮ್ಮೆ ತೆಗೆಯುವುದು ನೇಯ್ದವರಿಗೂ ಮಾಡುವ ಅನ್ಯಾಯ.

ಇನ್ನು ಸಿಹಿ. ಬೆಂಗಳೂರಿನ ಹೋಟೆಲುಗಳು ನನಗೆ ಕೊಟ್ಟ ದೊಡ್ಡ ಉಡುಗೊರೆ ಚೌಚೌ ಭಾತ್. ಒಂದೇ ತಟ್ಟೆಯಲ್ಲಿ ಒಂದು ಕಡೆ ಖಾರಾಭಾತ್, ಇನ್ನೊಂದು ಕಡೆ ಕೇಸರಿಭಾತ್, ಎರಡಕ್ಕೂ ಅದೇ ರವೆ. ಬೆಳಗಿನ ತಿಂಡಿಯಲ್ಲೇ ಸಿಹಿಗೆ ಅರ್ಧ ತಟ್ಟೆ ಬಿಟ್ಟುಕೊಟ್ಟವರ ಮೇಲೆ ನನಗೆ ತುಂಬಾ ಗೌರವ. ಒಳ್ಳೆಯ ಕೇಸರಿಭಾತನ್ನು ಚಮಚದಿಂದ ಒತ್ತಿದರೆ ಅಂಚಿನಲ್ಲಿ ತುಪ್ಪ ಮಿನುಗಬೇಕು, ಮುದ್ದೆಗಟ್ಟಿರಬಾರದು, ರವೆಯ ಕಾಳು ನಾಲಿಗೆಗೆ ಬಿಡಿಯಾಗಿ ಸಿಗಬೇಕು. ಅನಾನಸ್ ಹಾಕಿದರೆ ಸಣ್ಣಗೆ ಹೆಚ್ಚಿ ಹಾಕಬೇಕು. ಬಣ್ಣ ಕಣ್ಣಿಗೆ ಹೊಡೆಯುವಷ್ಟಿದ್ದರೆ ನಾನು ಮುಟ್ಟುವುದಿಲ್ಲ. ನಾನು ತಿನ್ನುವುದು ಸಿಹಿಯಿಂದಲೇ ಶುರು ಮಾಡಿ. ಕೆಲವರು ಅಚ್ಚರಿಪಡುತ್ತಾರೆ, ಆದರೆ ಹಬ್ಬದೂಟದ ಎಲೆಗೆ ಮೊದಲು ಬೀಳುವುದು ಪಾಯಸ ಅಲ್ಲವೇ? ಕೊನೆಗೆ ಸಿಹಿ ಅನ್ನುವುದು ನಮ್ಮ ಕ್ರಮವೇ ಅಲ್ಲ. ಹೊಟ್ಟೆ ತುಂಬಿದ ಮೇಲೆ ಬಾಯಿಗೆ ತುರುಕುವ ಸಿಹಿಯ ರುಚಿ ಯಾರಿಗೆ ಗೊತ್ತಾಗುತ್ತದೆ?

ಮೈಸೂರ್ ಪಾಕಿನ ವಿಷಯದಲ್ಲೂ ನನ್ನದು ಒಂದೇ ಹಟ. ಈಗ ಎಲ್ಲೆಲ್ಲೂ ಮೆತ್ತಗಿನ, ಬಾಯಲ್ಲಿಟ್ಟರೆ ಕರಗುವ ಬಗೆಯದ್ದೇ. ನನಗೆ ಬೇಕಾದದ್ದು ಹಳೆಯದು, ಜೇನುಗೂಡಿನ ಹಾಗೆ ತೂತುತೂತಾಗಿ, ಕಡಿದರೆ ಗರಿಗರಿ ಅನ್ನುವುದು. ಕುದಿಯುವ ಪಾಕ ಮತ್ತು ಕಡಲೆಹಿಟ್ಟಿಗೆ ಕಾದ ತುಪ್ಪ ಹೊಯ್ದಾಗ ನೊರೆ ಎದ್ದು ಆ ತೂತುಗಳು ಮೂಡುತ್ತವೆ. ತಟ್ಟೆಗೆ ಸುರಿದ ಮೇಲೂ ನಡುವಿನ ಶಾಖ ಆರದೆ ಉಳಿದು ಅಲ್ಲಿ ಕಂದು ಪಟ್ಟಿ ಬರುತ್ತದೆ. ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರ ಹೆಸರು ಹೇಳಿಕೊಂಡು ಮಾರುವ ಸಿಹಿಗೆ ಆ ಪಟ್ಟಿಯಾದರೂ ಇರಬೇಡವೇ?

ಸಸ್ಯಾಹಾರಿಗಳಿಗೆ ಈ ಸಾದಾ ಹೋಟೆಲುಗಳ ಬೆಲೆ ಎಷ್ಟು ಅನ್ನುವುದು ಬೇರೆ ಕಡೆ ಹೋದಾಗಲೇ ತಿಳಿಯುತ್ತದೆ. ಕೆಲವು ವರ್ಷದ ಹಿಂದೆ ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆಗೆ ಒಂದು ದೊಡ್ಡ ರೆಸ್ಟೋರೆಂಟಿಗೆ ಹೋಗಿದ್ದೆವು. ಪಟ್ಟಿಯಲ್ಲಿ ತರಕಾರಿ ಸೂಪ್ ಅಂತಿತ್ತು, ಕುಡಿದೆ. ಅರ್ಧ ಬಟ್ಟಲು ಆದಮೇಲೆ ಯಾಕೋ ಅನುಮಾನ ಬಂದು ಕೇಳಿದೆ. ತರಕಾರಿಯನ್ನು ಬೇಯಿಸಿದ್ದು ಕೋಳಿಯ ಸಾರಿನಲ್ಲಂತೆ. "ಪೀಸ್ ಹಾಕಿಲ್ಲ ಮೇಡಂ" ಅಂದರು. ಆ ರಾತ್ರಿ ನಾನು ಮತ್ತೇನೂ ತಿನ್ನಲಿಲ್ಲ. ಮಾಂಸ ತಿನ್ನುವವರ ಮೇಲೆ ನನಗೆ ಯಾವ ಆಕ್ಷೇಪವೂ ಇಲ್ಲ, ನನ್ನ ಆಪ್ತ ಗೆಳತಿಯರಲ್ಲಿ ಅರ್ಧಕ್ಕರ್ಧ ಜನ ತಿನ್ನುತ್ತಾರೆ. ಊಟ ಅವರವರ ಇಷ್ಟ. ಆದರೆ ನನ್ನ ತಟ್ಟೆಯಲ್ಲಿ ಏನಿದೆ ಅಂತ ನನಗೆ ಸರಿಯಾಗಿ ಹೇಳಬೇಕು.

ಅವತ್ತಿನಿಂದ ಎಲ್ಲಿ ಹೋದರೂ ಸಂಕೋಚಪಡದೆ ಕೇಳುತ್ತೇನೆ. ಸಿಹಿಯಲ್ಲೂ ಕೇಳುವುದಿದೆ. ಮಂಗಳೂರು, ಉಡುಪಿ ಕಡೆ ಹೋದಾಗ ಗಡ್‌ಬಡ್ ತಿನ್ನದೆ ಬರಲಾರೆ. ಆ ಎತ್ತರದ ಗಾಜಿನ ಲೋಟದೊಳಗೆ ಐಸ್‌ಕ್ರೀಮು, ಹಣ್ಣು, ಒಣಹಣ್ಣು, ಜೆಲ್ಲಿ ಪದರ ಪದರವಾಗಿ ಕೂತಿರುತ್ತವೆ. ಜೆಲ್ಲಿಯನ್ನು ಜಿಲಾಟಿನ್‌ನಿಂದ ಮಾಡಿದ್ದರೆ ಅದು ಪ್ರಾಣಿಗಳ ಮೂಳೆ, ಚರ್ಮದಿಂದ ಬಂದದ್ದು. ಕಡಲ ಪಾಚಿಯಿಂದ ತೆಗೆದ ಅಗರ್ ಅಗರ್ ಆದರೆ ನಾನು ತಿನ್ನಬಹುದು. "ಯಾವುದು ಹಾಕ್ತೀರಿ?" ಅಂತ ಕೇಳಿದರೆ ಬಹಳಷ್ಟು ಕಡೆ ಒಳಗೆ ಹೋಗಿ ಡಬ್ಬಿಯನ್ನೇ ತಂದು ತೋರಿಸಿದ್ದಾರೆ. ಕಾಜು ಬರ್ಫಿಯ ಮೇಲಿನ ಬೆಳ್ಳಿಯ ವರಕನ್ನೂ ಹಿಂದೆ ದನದ ಕರುಳಿನ ಪದರಗಳ ನಡುವೆ ಇಟ್ಟು ಬಡಿಯುತ್ತಿದ್ದರು. 2016ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ವರಕಿನ ತಯಾರಿಕೆಯಲ್ಲಿ ಪ್ರಾಣಿಮೂಲದ ವಸ್ತು ಬಳಸಬಾರದೆಂದು ನಿಯಮ ಮಾಡಿತು. ಆದರೂ ವರಕಿಲ್ಲದ ಬರ್ಫಿಯೇ ನನಗೆ ಇಷ್ಟ. ಗೋಡಂಬಿಗೆ ಬೆಳ್ಳಿ ಯಾಕೆ ಬೇಕು?

ಹೀಗೆ ತಟ್ಟೆಯನ್ನೆಲ್ಲ ಶೋಧಿಸುವ ನನಗೆ ಗೆಳತಿಯ ಮಗಳು ಒಂದು ದಿನ ಕೇಳಿದಳು: "ದೊಡ್ಡಮ್ಮ, ನೀವು ಉಟ್ಟಿರೋ ರೇಷ್ಮೆ ಸೀರೆ?" ತಕ್ಷಣ ನನ್ನ ಬಾಯಿ ಕಟ್ಟಿತು. ಗೂಡಿನೊಳಗೆ ಹುಳು ಇರುವಾಗಲೇ ಶಾಖ ಕೊಟ್ಟು ಸಾಯಿಸಿ, ಬಿಸಿನೀರಿಗೆ ಹಾಕಿ ನೂಲು ಬಿಚ್ಚುತ್ತಾರೆ ಅನ್ನುವುದು ರಾಮನಗರದ ಗೂಡಿನ ಮಾರುಕಟ್ಟೆ ನೋಡಿ ಬಂದ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟಿರಲಿಲ್ಲ. ಬಹಳ ದಿನ ಯೋಚಿಸಿದೆ. ಕೊನೆಗೆ ನನಗೆ ಸರಿ ಕಂಡದ್ದು ಇಷ್ಟು: ಇರುವ ರೇಷ್ಮೆ ಸೀರೆಗಳನ್ನು ಹರಿಯುವವರೆಗೂ ಉಡುತ್ತೇನೆ, ಹೊಸದನ್ನು ಕೊಳ್ಳುವುದಿಲ್ಲ. ಇಳಕಲ್ ಕೊಳ್ಳುವಾಗ ಹತ್ತಿಯ ಮೈ, ಸೆರಗಿಗೆ ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ, ಇರುವುದನ್ನು ಕೇಳಿ ಕೊಳ್ಳುತ್ತೇನೆ. ಚರ್ಮದ ಚಪ್ಪಲಿಯನ್ನೂ ಬಿಟ್ಟೆ. ರೇಷ್ಮೆಯನ್ನೇ ನಂಬಿ ಬದುಕುವ ಸಾವಿರಾರು ಮನೆಗಳಿವೆ, ಎಲ್ಲರೂ ನನ್ನಂತೆ ಮಾಡಿ ಅಂತ ನಾನು ಹೇಳುವುದಿಲ್ಲ. ಆದರೆ ಆ ಹುಡುಗಿ ಕೇಳಿದ್ದು ನ್ಯಾಯವಾದ ಪ್ರಶ್ನೆ, ಅದಕ್ಕೆ ನನ್ನ ಉಡುಗೆಯಲ್ಲೇ ಉತ್ತರ ಕೊಡಬೇಕಿತ್ತು.

ಊರಿಗೆ ಹೋದಾಗ ನನ್ನ ಹೊರಗಿನ ಊಟ ಅಂದರೆ ಖಾನಾವಳಿ. ಬಿಸಿ ಜೋಳದ ರೊಟ್ಟಿ, ಎಣಗಾಯಿ ಪಲ್ಲೆ, ಝುಣಕ, ಹೆಸರುಕಾಳು, ಹಸಿ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ, ಶೇಂಗಾ ಚಟ್ನಿಪುಡಿಯ ಮೇಲೆ ಗಟ್ಟಿ ಮೊಸರು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಲೇ ಉಣ್ಣಬೇಕು. ಅಲ್ಲಿಂದ ಲೈನ್ ಬಜಾರಿಗೆ ಹೋಗಿ ಪೇಡಾ. ಖೋವಾವನ್ನು ಕಂದು ಬಣ್ಣ ಬರುವವರೆಗೆ ಹುರಿದು, ಸಕ್ಕರೆ ಪುಡಿಯಲ್ಲಿ ಹೊರಳಿಸಿದ ಆ ಪೇಡಾ ಉತ್ತರ ಪ್ರದೇಶದ ಉನ್ನಾವದಿಂದ ಬಂದು ಧಾರವಾಡದಲ್ಲಿ ನೆಲೆಸಿದ ಠಾಕೂರ ಮನೆತನದ್ದು. ಬೇರೆ ಊರಿನಿಂದ ಬಂದವರ ಸಿಹಿಗೆ ನಮ್ಮ ಊರಿನ ಹೆಸರೇ ಅಂಟಿಕೊಂಡಿತು.

ಆದರೆ ನಾನು ಚಿಕ್ಕವಳಿದ್ದಾಗ ಖಾನಾವಳಿಯೊಳಗೆ ಉಂಡವರು ಅಪ್ಪ ಮಾತ್ರ. ಪೇಡಾದ ಪೊಟ್ಟಣ ಮನೆಗೆ ಬರುತ್ತಿತ್ತು, ಅವ್ವ ಹೊರಗೆ ಹೋಗುತ್ತಿರಲಿಲ್ಲ. ಹೆಣ್ಣುಮಕ್ಕಳು ಹೋಟೆಲಿಗೆ ಹೋಗುವುದು ಅಂದರೆ ಪರದೆ ಎಳೆದ ಫ್ಯಾಮಿಲಿ ರೂಮು, ಅದೂ ಗಂಡಸರು ಕರೆದುಕೊಂಡು ಹೋದರೆ. ಅವ್ವನ ಒಳ್ಳೆಯ ಸೀರೆಗಳೂ ಹಾಗೆಯೇ ಟ್ರಂಕಿನೊಳಗೆ ಮದುವೆ ಮುಂಜಿಗೆ ಕಾಯುತ್ತಿದ್ದವು.

ಈ ವರ್ಷ ಜನವರಿಯಲ್ಲಿ ಅವ್ವ ಬೆಂಗಳೂರಿಗೆ ಬಂದಿದ್ದಳು. ಎಪ್ಪತ್ತಾರು ವಯಸ್ಸು. ಒಂದು ಭಾನುವಾರ ಎಂಟಿಆರ್‌ಗೆ ಹೋಗೋಣ ಅಂದೆ. ಮಾಸಿದ ಸೀರೆಯಲ್ಲೇ ಹೊರಟು ನಿಂತಳು. "ಹೋಟೆಲಿಗೆ ಹೋಗಾಕ ಯಾವ ಸೀರಿ ಆದ್ರೇನವಾ, ಇದ ಸಾಕು" ಅಂದಳು. "ಸಾಕಾಗಂಗಿಲ್ಲವ್ವಾ" ಅಂದು ನನ್ನ ಚಿಕ್ಕಿ ಪರಾಸ ದಡಿಯ ಇಳಕಲ್ ಕೊಟ್ಟೆ. ಉಟ್ಟ ಮೇಲೆ ಕನ್ನಡಿ ಮುಂದೆ ಸ್ವಲ್ಪ ಹೊತ್ತು ನಿಂತಳು, ಸೆರಗು ಎರಡು ಸಲ ಸರಿಮಾಡಿಕೊಂಡಳು.

ಲಾಲ್‌ಬಾಗ್ ರಸ್ತೆಯಲ್ಲಿ ಹೆಸರು ಬರೆಸಿ ಮುಕ್ಕಾಲು ಗಂಟೆ ಕಾದೆವು. 1924ರಲ್ಲಿ ಶುರುವಾದ ಹೋಟೆಲು ಅಂದೆ, "ನಮ್ಮವ್ವ ಹುಟ್ಟಿದ ವರ್ಷ" ಅಂದಳು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ತತ್ವಾರ ಬಂದಾಗ ಇಲ್ಲಿ ರವೆ ಇಡ್ಲಿ ಮಾಡಿದರು ಅನ್ನುವ ಮಾತನ್ನೂ ಹೇಳಿದೆ. ಕೂತಮೇಲೆ ಅವಳು ಮೊದಲು ನೋಡಿದ್ದು ದರ. ಪಟ್ಟಿಯನ್ನು ನನ್ನ ಕಡೆ ತೆಗೆದುಕೊಂಡು ಚಂದ್ರಹಾರ ಹೇಳಿದೆ. ಪದರ ಬಿಟ್ಟ ಕರಿದ ಮೈದಾ ತಿನಿಸು, ಮೇಲೆ ಗಟ್ಟಿ ಖೋವಾದ ಹಾಲು. ಅವ್ವ ಒಂದು ಪದರ ಮುರಿದು ಬೆರಳಲ್ಲಿ ಹಿಡಿದು ನೋಡಿದಳು. "ನಮ್ಮ ಚಿರೋಟಿ ತಂಗಿ ಇದು" ಅಂದಳು. ಆಮೇಲೆ ಮಾತಾಡಲಿಲ್ಲ. ಗಡಿಬಿಡಿ ಇಲ್ಲದೆ, ಹಾಲಿನಲ್ಲಿ ನೆನೆಯಲು ಬಿಟ್ಟು, ಒಂದೊಂದೇ ತುಂಡು ತಿಂದು ಮುಗಿಸಿದಳು. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಅವಸರದಲ್ಲಿ ಉಣ್ಣುವ ಅವ್ವನನ್ನಷ್ಟೇ ನೋಡಿದ್ದ ನಾನು ನನ್ನ ಕಾಫಿ ಆರಿದ್ದನ್ನೂ ಗಮನಿಸಲಿಲ್ಲ.

ಹೋಗುವಾಗ ಆ ಸೀರೆಯನ್ನು ಅವಳ ಚೀಲಕ್ಕೇ ಹಾಕಿ ಕಳಿಸಿದೆ.

ಮೊನ್ನೆ ಬುಧವಾರ ಸಂಜೆ ಫೋನ್ ಮಾಡಿದಳು. ಪಕ್ಕದ ಮನೆಯ ಕಾಕು ಜೊತೆ ಮಾರ್ಕೆಟ್ಟಿಗೆ ಹೋಗಿದ್ದಳಂತೆ, ಗಿರಮಿಟ್ಟು, ಮಿರ್ಚಿ ಭಜಿ ತಿಂದು ಬಂದರಂತೆ. "ಇಬ್ರ ಹೋಗಿದ್ರೇನು?" ಅಂದೆ. "ಇಬ್ರ. ಕುರ್ಚಿ ಮ್ಯಾಲೆ ಕುಂತ ತಿಂದ್ವಿ." ಸ್ವಲ್ಪ ತಡೆದು ಹೇಳಿದಳು: "ಕಾಕು ಬರೂದ ತಡಾತು. ನಾ ಚಿಕ್ಕಿ ಪರಾಸ ಉಟ್ಟೀನಂತ, ಆಕಿನೂ ಒಳಗ ಹೋಗಿ ಸೀರಿ ಬದಲ ಮಾಡಿ ಬಂದ್ಲು."