ಸ್ಕೂಟರಿಗೆ ಕಟ್ಟಿಕೊಂಡ ಹುಳ

"ಆಂಟಿ, ಒಂದೆಸಳು ಕರಿಬೇವು" ಅನ್ನುವ ಕೂಗು ನಮ್ಮ ಗೇಟಿನಲ್ಲಿ ಬೆಳಿಗ್ಗೆ ಏಳೂವರೆಗೇ ಶುರು. ಕೇಳಿ ತೆಗೆದುಕೊಳ್ಳುವವರ ಮೇಲೆ ನನಗೆ ಸಿಟ್ಟಿಲ್ಲ. ಕೇಳದೆ, ಕಾಂಪೌಂಡಿನಾಚೆಯಿಂದಲೇ ಕೊಂಬೆ ಬಗ್ಗಿಸಿ, ಚಿಗುರನ್ನೇ ಲಟಕ್ಕನೆ ಮುರಿದು ಜೇಬಿಗಿಳಿಸುವ ವಾಕಿಂಗ್ ಮಹನೀಯರನ್ನು ಕಂಡರೆ ಮೈ ಉರಿಯುತ್ತದೆ. ಮೊನ್ನೆ ಒಬ್ಬರನ್ನು ಕೊಂಬೆ ಸಮೇತ ಹಿಡಿದೆ. "ರಿಟೈರ್ ಆಗಿದೀರಲ್ಲ ಮೇಡಂ, ಆರಾಮಾಗಿ ಗಿಡ ಗಿಣಿ ನೋಡ್ಕೊಂಡಿದೀರಿ" ಎಂದು ನನಗೇ ಒಂದು ಸರ್ಟಿಫಿಕೇಟ್ ಕೊಟ್ಟು ನಡೆದರು. ಕೊಂಬೆ ಮಾತ್ರ ವಾಪಸ್ ಕೊಡಲಿಲ್ಲ. ನಿವೃತ್ತರ ಈ ಆರಾಮದ ಬಗ್ಗೆ ನನಗೊಂದು ಖಚಿತ ಅಭಿಪ್ರಾಯವಿದೆ, ಅದನ್ನು ಹೇಳಲೆಂದೇ ಬರೆಯಲು ಕೂತಿದ್ದು. ಮೊದಲು ಹುಳದ ವಿಷಯ ಮುಗಿಸಿಬಿಡುತ್ತೇನೆ.

ಮನೆಯೊಳಗಿನ ಗಿರಾಕಿ ಇನ್ನೂ ಜೋರು. ಇವರು ಆಯುಷ್ಯವೆಲ್ಲ ಅಕೌಂಟ್ಸ್ ನೋಡಿಕೊಂಡಿದ್ದವರು, ಈಗ ಅಡುಗೆಮನೆಯ ಚಾರ್ಜ್ ತೆಗೆದುಕೊಂಡಿದ್ದಾರೆ. ತಿಳಿಸಾರು ಚೆನ್ನಾಗಿಯೇ ಮಾಡುತ್ತಾರೆ, ಇಲ್ಲವೆನ್ನಲಾರೆ. ಅದಕ್ಕೆ ಮನೆಯಲ್ಲಿರುವ ಪಾತ್ರೆಯೆಲ್ಲ ಯಾಕೆ ಬೇಕು ಅನ್ನುವುದೊಂದೇ ನನ್ನ ಪ್ರಶ್ನೆ. ತುಪ್ಪ ಕಾದು, ಸಾಸಿವೆ ಸಿಡಿದು, ಇಂಗು ಬಿದ್ದ ಮೇಲೆ ಒಗ್ಗರಣೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು "ಕರಿಬೇವು!" ಎಂದು ಕೈ ಚಾಚುತ್ತಾರೆ, ಆಪರೇಷನ್ ಥಿಯೇಟರಿನಲ್ಲಿ ಕತ್ತರಿ ಕೇಳುವ ಡಾಕ್ಟರ ಹಾಗೆ. ಮೊದಲೇ ಕಿತ್ತಿಟ್ಟುಕೊಳ್ಳಬಾರದೇ ಎಂದರೆ, ಫ್ರೆಶ್ ಇರಬೇಕಂತೆ.

ಈ ಸಲ ಮಳೆ ಬಿದ್ದು ಗಿಡ ಚಿಗುರಿದ್ದೇ ತಡ, ಹುಳ ಬಂತು. ಕರಿಬೇವು ನಿಂಬೆಯ ವಂಶದ್ದು. ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆಗೆ ಎರಡೂ ಒಂದೇ. ಎಳೆ ಎಲೆಗೆ ಒಂದೊಂದೇ ಮೊಟ್ಟೆ ಅಂಟಿಸಿ ಹೋಗುತ್ತದೆ. ಮರಿ ಹುಳ ಥೇಟ್ ಹಕ್ಕಿಯ ಹಿಕ್ಕೆ: ಕಂದು ಮೈ, ನಡುವೆ ಬಿಳಿ ಬಳಿದ ಗುರುತು, ಒದ್ದೆ ಹೊಳಪು. ಹಿಕ್ಕೆ ತಿನ್ನಲು ಯಾವ ಹಕ್ಕಿಯೂ ಬರುವುದಿಲ್ಲವಲ್ಲ! ನಾಲ್ಕು ಸಲ ಪೊರೆ ಬಿಟ್ಟ ಮೇಲೆ ವೇಷ ಬದಲಾಗಿ ಮೈಯೆಲ್ಲ ಎಲೆಹಸಿರು. ನಿಜವಾದ ಹಸಿವು ಶುರುವಾಗುವುದೂ ಆಗಲೇ. ಎಲೆಯ ಅಂಚಿಗೆ ಬಾಯಿ ಇಟ್ಟು ತಲೆಯನ್ನು ಮೇಲಿಂದ ಕೆಳಕ್ಕೆ, ಮತ್ತೆ ಮೇಲಿಂದ ಕೆಳಕ್ಕೆ ಆಡಿಸುತ್ತಾ ಕತ್ತರಿಸುತ್ತದೆ, ಕಡೆಗೆ ನಡುವಿನ ನರವೊಂದೇ ಉಳಿಯುತ್ತದೆ. ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಪುಸಕ್ಕನೆ ಹೊರಬಂದು ಘಾಟು ವಾಸನೆ ಹೊಡೆಯುತ್ತದೆ. ಇವರು ಮೂಗು ಹತ್ತಿರ ತಂದು, "ಒಳ್ಳೇ ಒಗ್ಗರಣೆ ಸೀದ ಹಾಗಿದೆ" ಎಂದರು.

ಕಿತ್ತು ಬಿಸಾಕಲು ಮನಸ್ಸು ಬರಲಿಲ್ಲ. ಪಕ್ಕದ ಮನೆಯವರು ಔಷಧಿ ಹೊಡೆಯಿರಿ ಎಂದರು, ಎದುರುಮನೆಯವರು ಬೇವಿನೆಣ್ಣೆ ಎಂದರು. ಬೀದಿಗೆ ಬೀದಿಯೇ ಹೇಳಿದ್ದು ಹುಳಿ ಮಜ್ಜಿಗೆ. ಕರಿಬೇವಿನ ಗಿಡದ ಸಕಲ ಕಾಯಿಲೆಗೂ ಹುಳಿ ಮಜ್ಜಿಗೆಯೇ ಮದ್ದೆಂದು ನಮ್ಮ ಮೈಸೂರಿನಲ್ಲಿ ಯಾರೋ ಹಿಂದೆಯೇ ತೀರ್ಮಾನಿಸಿಯಾಗಿದೆ.

ಮೈತುಂಬ ತಿಂದ ಒಂದು ಹುಳ ಗಿಡ ಬಿಟ್ಟು ಇಳಿದು, ಕಾಂಪೌಂಡ್ ಸುತ್ತಿ, ಕಡೆಗೆ ಇವರ ಸ್ಕೂಟರ್ ಹತ್ತಿತು. ಕನ್ನಡಿಯ ಕಡ್ಡಿಗೆ ಬಾಲ ಅಂಟಿಸಿ, ಸೊಂಟಕ್ಕೊಂದು ರೇಷ್ಮೆ ಎಳೆ ಸುತ್ತಿಕೊಂಡು, ಮಾರನೆಯ ದಿನ ಕಂದು ಬಣ್ಣದ ಕೋಶವಾಗಿ ಕೂತುಬಿಟ್ಟಿತು. ಸ್ಕೂಟರ್ ತೆಗೆಯಕೂಡದು ಎಂದೆ. ಹತ್ತು ಹನ್ನೆರಡು ದಿನದ ಮಾತು, ಅಷ್ಟೂ ಆಗಲ್ಲವೇ?

ನಾವು ವಾಕಿಂಗಿಗೆ ಸರಸ್ವತಿಪುರಂನಿಂದ ಕುಕ್ಕರಹಳ್ಳಿ ಕೆರೆಗೆ ಸ್ಕೂಟರಿನಲ್ಲಿ ಹೋಗುವವರು. ನಗಬೇಡಿ, ಆ ಗೇಟಿನ ಮುಂದೆ ನಿಂತಿರುವ ಗಾಡಿಗಳನ್ನು ನೋಡಿ ಆಮೇಲೆ ಮಾತಾಡಿ. ಈಗ ನಡೆದೇ ಹೋಗಬೇಕಾಯಿತು. ಖುಷಿಯಾಗಿದ್ದು ಬ್ರೌನಿಗೆ ಮಾತ್ರ. ಬೀದಿಯದೇ ನಾಯಿ, ಯಾರೂ ಸಾಕಿದ್ದಲ್ಲ. ಸ್ಕೂಟರ್ ಹಿಂದೆ ಮೂಲೆವರೆಗೆ ಓಡಿ ಸೋತು ನಿಲ್ಲುತ್ತಿದ್ದದ್ದು, ಈಗ ಕೆರೆ ಗೇಟಿನ ತನಕ ಜೊತೆಗೆ ಬಂದು, ನಾವು ವಾಪಸ್ ಬರುವವರೆಗೆ ಅಲ್ಲೇ ಮಲಗಿರುತ್ತಿತ್ತು. ಒಳಗೆ ಏರಿಯ ಮೇಲೆ ಹೆಜ್ಜಾರ್ಲೆ ನೋಡೋಣವೆಂದು ನಿಂತರೆ, ಹಿಂದಿನಿಂದ ಒಬ್ಬರು ಮೊಬೈಲಿನಲ್ಲಿ ಭಕ್ತಿಗೀತೆ, ಅವರ ಹಿಂದಿನವರು ಟಿವಿ ಚರ್ಚೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಈ ಕೆರೆ ಕಟ್ಟಿಸಿದ್ದು ಊರಾಚೆಯ ಹೊಲಗದ್ದೆಗೆ ನೀರುಣಿಸಲಿಕ್ಕೆ, ಇವರ ಸ್ಪೀಕರ್ ಪರೀಕ್ಷೆಗಲ್ಲ. ಇಯರ್‌ಫೋನ್ ಹಾಕಿಕೊಳ್ಳಿ ಎಂದು ಒಮ್ಮೆ ಹೇಳಿಯೂ ನೋಡಿದೆ. "ನಿಮಗೂ ಕೇಳಲಿ ಅಂತಲೇ ಹಾಕಿರೋದು ಮೇಡಂ" ಎಂದರು. ಇಂಥವರಿಗೆ ಏನು ಹೇಳುವುದು?

ಇತ್ತ ಹನ್ನೆರಡು ದಿನ ದಾಟಿದರೂ ಕೋಶ ಮಿಸುಕಲಿಲ್ಲ. ಸ್ಕೂಟರ್ ಕೆಟ್ಟಿದೆಯೇ, ಮಾರುತ್ತೀರಾ ಎಂದು ಬೀದಿಯವರು ವಿಚಾರಿಸತೊಡಗಿದರು. ಇವರು ಮೂಲೆಯಂಗಡಿಗೆ ನಡೆದು ಹೋಗಿ ಮೊಸರು ತರುತ್ತಾ, ಪ್ರತಿ ಸಲವೂ ಕನ್ನಡಿಯ ಕಡೆ ಒಂದು ನೋಟ ಎಸೆದು ಒಳಗೆ ಬರುತ್ತಿದ್ದರು. ಮಾತಾಡುತ್ತಿರಲಿಲ್ಲ. ಅದೇ ಹೆಚ್ಚು ಭಯ.

ಒಂದು ಬೆಳಿಗ್ಗೆ "ನೋಡು ಬಾ ಇಲ್ಲಿ" ಎಂದು ಕರೆದರು. ಕೋಶದ ಮೈಯಲ್ಲಿ ಗುಂಡುಸೂಜಿ ಚುಚ್ಚಿದಷ್ಟು ತೂತು. ಅದರೊಳಗಿಂದ ಕಣಜಗಳು, ಇರುವೆಗಿಂತ ಸಣ್ಣವು, ಒಂದರ ಹಿಂದೊಂದು ಹೊರಬಂದು ಕನ್ನಡಿಯ ಮೇಲೆ ರೆಕ್ಕೆ ಒಣಗಿಸಿಕೊಳ್ಳುತ್ತಿದ್ದವು. ಹುಳ ಕೊನೆಯ ಪೊರೆ ಕಳಚಿ ಕೋಶ ಇನ್ನೂ ಮೆತ್ತಗಿದ್ದಾಗಲೇ ತಾಯಿ ಕಣಜ ಬಂದು ಒಳಗೆ ಮೊಟ್ಟೆ ಇಟ್ಟು ಹೋಗಿರುತ್ತದೆ. ಅದರ ಮಕ್ಕಳು ಚಿಟ್ಟೆಯನ್ನು ಒಳಗಿಂದೊಳಗೇ ತಿಂದು ಮುಗಿಸಿದ್ದವು.

"ಇವರಿಗೋಸ್ಕರ ನಾನು ನಡೆದಿದ್ದಾ?" ಎಂದರು ಇವರು.

ಸ್ವಿಚ್ ಒತ್ತಿದರೆ ಸ್ಕೂಟರ್ ಉಸಿರೆತ್ತಲಿಲ್ಲ. ಕಿಕ್ ಹೊಡೆದು ಹೊಡೆದು ಸುಸ್ತಾಗಿ, ಕೊನೆಗೆ ಮೆಕ್ಯಾನಿಕ್ ಬಂದು ಹೊಸ ಬ್ಯಾಟರಿ ಹಾಕಿದ. ರಾತ್ರಿ ಇವರು ಮನೆಲೆಕ್ಕದ ಪುಸ್ತಕ ತೆಗೆದು ಆ ದುಡ್ಡನ್ನು 'ತೋಟದ ಖರ್ಚು' ಅನ್ನುವ ಕಾಲಮ್ಮಿಗೆ ಬರೆದರು. ನಾನು ಒಪ್ಪಿಲ್ಲ. ಆ ಕರಿಬೇವಿನಲ್ಲಿ ಮುಕ್ಕಾಲು ಪಾಲು ಹೋಗುತ್ತಿದ್ದದ್ದು ಸಾರಿಗೆ, ಅದು ಅಡುಗೆಮನೆ ಖರ್ಚು. ಪುಸ್ತಕ ಇನ್ನೂ ಮೇಜಿನ ಮೇಲೆ ತೆರೆದೇ ಇದೆ, ಯಾರೂ ಮೊತ್ತ ಹಾಕಿಲ್ಲ.