ಉಸಿರು ಕಲಿಯಲು ಗೊಂಬೆಯೋ, ಹಾಸಿಗೆಯೋ?

ಹುಬ್ಬಳ್ಳಿ-ಧಾರವಾಡದಲ್ಲಿ ರೆಸ್ಪಿರೇಟರಿ ಕೇರ್, ಅಂದರೆ ಉಸಿರಾಟದ ಆರೈಕೆ, ಓದುವ ವಿದ್ಯಾರ್ಥಿಗಳು ಐಸಿಯುನಲ್ಲಿ ಕಳೆಯುವ ದಿನಗಳನ್ನು ಸ್ವಲ್ಪ ಕಡಿಮೆ ಮಾಡಿ, ಗೊಂಬೆಯ ಮೇಲೆ ಅಭ್ಯಾಸ ಮಾಡುವ ಸಿಮ್ಯುಲೇಶನ್ ಲ್ಯಾಬಿಗೆ ಕೊಡಬೇಕೇ? ನನ್ನ ಮನಸ್ಸು ಬೇಡ ಎನ್ನುವ ವಾದದ ಕಡೆ ವಾಲುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಹಾಗಂತ ಬೇಕು ಎನ್ನುವ ವಾದ ಸುಳ್ಳಲ್ಲ.

ಪರ

ಗಂಟಲಿಗೆ ಟ್ಯೂಬ್ ಹಾಕುವುದನ್ನು ಯಾರಾದರೂ ಒಮ್ಮೆ ಮೊದಲ ಸಲ ಮಾಡಲೇಬೇಕು. ಆ ಮೊದಲ ಸಲ ನಿಮ್ಮ ಅವ್ವನ ಮೇಲೆ ಆಗಲಿ ಅಂದರೆ ಒಪ್ಪುತ್ತೀರಾ? ಟ್ಯೂಬ್ ಅನ್ನನಾಳಕ್ಕೆ ಹೋದದ್ದು ಗೊತ್ತಾಗದಿದ್ದರೆ ಕೆಲವೇ ನಿಮಿಷದಲ್ಲಿ ಮಿದುಳಿಗೆ ಪೆಟ್ಟು. ಗೊಂಬೆಯಲ್ಲಾದರೆ ಹೊಟ್ಟೆ ಉಬ್ಬುತ್ತದೆ, ಮೇಷ್ಟ್ರು ಬೈಯುತ್ತಾರೆ, ಇನ್ನೊಮ್ಮೆ ಹಾಕು ಅನ್ನುತ್ತಾರೆ.

ಲೆಕ್ಕದ ತಪ್ಪೂ ಹಾಗೆಯೇ. ಎಆರ್‌ಡಿಎಸ್, ಅಂದರೆ ಶ್ವಾಸಕೋಶ ಊದಿಕೊಂಡು ನೀರು ತುಂಬುವ ತೊಂದರೆ, ಆದವರಿಗೆ ವೆಂಟಿಲೇಟರಿನಿಂದ ಒಂದು ಉಸಿರಿಗೆ, ಕಿಲೋಗೆ ಸುಮಾರು 6 ಮಿಲಿಲೀಟರ್ ಗಾಳಿ. 2000ದಲ್ಲಿ ಅಮೆರಿಕದ ಅಧ್ಯಯನವೊಂದು ಬಂದ ಮೇಲೆ ಇದೇ ರೂಢಿ. ಆದರೆ ಈ ಕಿಲೋ ತಕ್ಕಡಿ ತೋರಿಸಿದ್ದಲ್ಲ, ಎತ್ತರದಿಂದ ಲೆಕ್ಕ ಹಾಕಿದ್ದು. ಮೈ ದಪ್ಪಗಾದರೆ ಶ್ವಾಸಕೋಶ ದೊಡ್ಡದಾಗುವುದಿಲ್ಲ, ಅಲ್ವಾ? 150 ಸೆಂ.ಮೀ. ಎತ್ತರ, 70 ಕಿಲೋ ತೂಕದ ಹೆಣ್ಣುಮಗಳಿಗೆ ಬೇಕಾದ್ದು 260 ಮಿಲಿಲೀಟರ್. ಹೊಸಬರು ಥಟ್ಟನೆ 420 ಇಟ್ಟುಬಿಡುತ್ತಾರೆ. ವೆಂಟಿಲೇಟರಿನ ಒತ್ತಡದ ಅಲಾರಂ ಹೊಡೆದುಕೊಂಡರೆ ಲ್ಯಾಬಿನಲ್ಲಿ ಎಲ್ಲವನ್ನೂ ನಿಲ್ಲಿಸಿ ಯೋಚಿಸಬಹುದು. ಟ್ಯೂಬ್ ಸರಿದಿದೆಯಾ, ಕಫ ಕಟ್ಟಿದೆಯಾ, ಶ್ವಾಸಕೋಶದಿಂದ ಗಾಳಿ ಸೋರಿ ಎದೆಗೂಡಿನಲ್ಲಿ ತುಂಬಿದೆಯಾ, ಯಂತ್ರವೇ ಕೆಟ್ಟಿದೆಯಾ? ಐಸಿಯುನಲ್ಲಿ ಅಲಾರಂ ಆದರೆ ಸೀನಿಯರ್ ಮೊಣಕೈಯಿಂದ ಪಕ್ಕಕ್ಕೆ ತಳ್ಳುತ್ತಾರೆ. ತಪ್ಪಲ್ಲ, ಜೀವದ ಪ್ರಶ್ನೆ. ಆದರೆ ಕಲಿಯುವವನಿಗೆ ಕಾಣುವುದು ಅವರ ಬೆನ್ನು ಮಾತ್ರ.

ವಿರೋಧ

ಗೊಂಬೆ ಬಾಯಿ ತೆರೆ ಅಂದರೆ ತೆರೆಯುತ್ತದೆ. ನಮ್ಮ ಕಡೆಯ ಬಾಯಿಗಳು ಹಾಗಲ್ಲ. ಇಪ್ಪತ್ತು ವರ್ಷ ಗುಟ್ಕಾ ಜಗಿದವನ ಬಾಯಲ್ಲಿ ಎರಡು ಬೆರಳು ತೂರುವುದೇ ಕಷ್ಟ.

ಇನ್ನು ಗದಗ, ಹಾವೇರಿ ಕಡೆಯಿಂದ ರಾತ್ರಿ ಹೊತ್ತು ಬರುವ 'ಎಣ್ಣಿ ಕುಡದಾನ್ರಿ' ಎನ್ನುವ ಕೇಸು. ಎಣ್ಣೆ ಅಂದರೆ ಇಲ್ಲಿ ಹೊಲಕ್ಕೆ ಹೊಡೆಯುವ ಕೀಟನಾಶಕ. ಜೊಲ್ಲು, ಬೆವರು, ಎದೆ ತುಂಬ ಕಫ, ಸೂಜಿಮೊನೆಯಂಥ ಕಣ್ಣುಪಾಪೆ, ಬೆಳ್ಳುಳ್ಳಿಯಂಥ ನಾತ. ಆ ನಾತ ಲ್ಯಾಬಿನಲ್ಲಿ ಬರುವುದಿಲ್ಲ. ಅದಕ್ಕಿಂತ ಮುಖ್ಯ, ಈ ಕಾಯಿಲೆ ಮೋಸ ಮಾಡುತ್ತದೆ. ಚೇತರಿಸಿಕೊಂಡ ಅಂತ ಎಲ್ಲರೂ ನಿಟ್ಟುಸಿರು ಬಿಟ್ಟಿರುತ್ತಾರೆ. ಕೆಲವರಿಗೆ ಒಂದರಿಂದ ನಾಲ್ಕು ದಿನದೊಳಗೆ ಕುತ್ತಿಗೆಯ ಬಲ ಹೋಗುತ್ತದೆ, ಹಿಂದೆಯೇ ಉಸಿರೂ ಸೋಲುತ್ತದೆ. 'ದಿಂಬಿನಿಂದ ತಲೆ ಎತ್ತಪ್ಪ' ಎಂದು ದಿನಕ್ಕೆ ನಾಲ್ಕು ಸಲ ಕೇಳಿದವನಿಗೆ ಇದು ಮೊದಲೇ ತಿಳಿಯುತ್ತದೆ. ಒಂದು ತಾಸಿನ ಸಿಮ್ಯುಲೇಶನ್ನಿನಲ್ಲಿ ನಾಲ್ಕು ದಿನ ಹಿಡಿಸುವುದು ಹೇಗೆ?

1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿದಾಗ ವೈದ್ಯಕೀಯ ವಿದ್ಯಾರ್ಥಿಗಳೇ ಪಾಳಿಯಲ್ಲಿ ಕೂತು, ವಾರಗಟ್ಟಲೆ ಕೈಯಿಂದ ಬ್ಯಾಗ್ ಒತ್ತಿ ರೋಗಿಗಳಿಗೆ ಉಸಿರು ಕೊಟ್ಟರು. ಬ್ಯಾಗ್ ಒತ್ತುವ ಕೈಗೆ ಶ್ವಾಸಕೋಶ ಬಿಗಿಯುತ್ತಿರುವುದು ತಿಳಿಯುತ್ತದೆ. ರಬ್ಬರಿನ ಬಿಗಿ ಬೇರೆ.

ದುಡ್ಡಿನ ಮಾತು ಬೇಡವೆಂದರೂ ಬರುತ್ತದೆ. ನಾನು ಒಂದು ಕಾಲೇಜಿಗೆ ಹೋದಾಗ ದುಬಾರಿ ಗೊಂಬೆ ಬಿಳಿ ಬಟ್ಟೆ ಹೊದ್ದು ಮಲಗಿತ್ತು. ಬೀರುವಿನ ಕೀಲಿ ಇದ್ದವರು ರಜೆಯಲ್ಲಿದ್ದರು. ತಪಾಸಣೆಯ ದಿನ ಬಟ್ಟೆ ತೆಗೆಯುತ್ತಾರಂತೆ.

ಮತ್ತೆ, ಗೊಂಬೆಗೆ ಮನೆಯವರಿಲ್ಲ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಹಮಾಲ ಒಬ್ಬ 'ದಮ್ಮು ಹತ್ತೈತ್ರಿ' ಅಂತ ಬಂದು ವಾರ ವೆಂಟಿಲೇಟರ್ ಮೇಲಿದ್ದ ಅಂದುಕೊಳ್ಳಿ. ಟ್ಯೂಬ್ ತೆಗೆದ ಕೂಡಲೇ ಅವನು ಒಡೆದ ದನಿಯಲ್ಲಿ ಕೇಳುವುದು ಚಹಾ. ನುಂಗಲು ಬರುತ್ತದೋ ಇಲ್ಲವೋ ನೋಡದೆ ಕೊಟ್ಟರೆ ಅದು ಸೀದಾ ಶ್ವಾಸಕೋಶಕ್ಕೆ ಇಳಿಯಬಹುದು. ಹೆಂಡತಿ ಆಗಲೇ ಥರ್ಮಾಸ್ ಮುಚ್ಚಳ ತಿರುಗಿಸುತ್ತಿರುತ್ತಾಳೆ. ಅವಳನ್ನು ತಡೆಯಬೇಕು, ಬೈಯದೆ.