ಸಾಸಿವೆಗೆ ಯಾವ ಬಿಯರ್?

ಕಳೆದ ರಜೆಯಲ್ಲಿ ಮ್ಯೂನಿಕ್‌ನಿಂದ ನಮ್ಮೂರು ಸಾಗರಕ್ಕೆ ಹೋದಾಗ ನಾನೇ ಅರೆದ ಸಾಸಿವೆಯ ಸಣ್ಣ ಬಾಟಲಿಯೊಂದನ್ನು ಒಯ್ದಿದ್ದೆ. ಅತ್ತೆ ಮುಚ್ಚಳ ತೆಗೆದು ಮೂಸಿದರು, ಘಾಟು ಚೆನ್ನಾಗಿದೆ ಎಂದರು, ಏನೇನು ಹಾಕಿದ್ದೀಯ ಎಂದು ಕೇಳಿದರು. ಬಿಯರ್ ಎಂದೆ. ಮರುಮಾತಿಲ್ಲದೆ ಬಾಟಲಿ ಅಡುಗೆಮನೆಯಿಂದ ಹೊರಬಿದ್ದು ಜಗಲಿಯ ಚಪ್ಪಲಿ ಗೂಡಿನ ಮೇಲೆ ಕುಳಿತಿತು. ಅದೇ ಸಂಜೆ ಅತ್ತೆಯ ಮಕ್ಕಳು ಪತ್ರಿಕೆ ಸುತ್ತಿದ ಬಾಟಲಿಗಳನ್ನು ತಾರಸಿಗೆ ಸಾಗಿಸಿದರು. ಮನೆಯಲ್ಲಿ ಎಲ್ಲರೂ ನೋಡಿದರು, ಯಾರೂ ನೋಡಲಿಲ್ಲ.

ನನ್ನ ಬಾಟಲಿ ಹೊರಗೆ ಕುಳಿತದ್ದಕ್ಕಿಂತ ನನ್ನನ್ನು ಕೆಣಕಿದ್ದು ತಾರಸಿಯ ಬಾಟಲಿ. ಯಾವುದೋ ಅದು ಎಂದು ಕೇಳಿದರೆ ಬಂದ ಉತ್ತರ ಒಂದೇ: “ಸ್ಟ್ರಾಂಗ್, ಅಣ್ಣ.” ರುಚಿ ಹೇಗಿದೆ ಎಂದೆ. “ತಣ್ಣಗಿದ್ದರೆ ಸಾಕು ಬಿಡು.” ಇದೇ ಮಂದಿ ಕಾಫಿಪುಡಿಯ ಅಂಗಡಿಯಲ್ಲಿ ಪೀಬೆರಿ ಎಷ್ಟು, ಚಿಕೋರಿ ಎಷ್ಟು, ಹುರಿದದ್ದು ಹೆಚ್ಚಾಯಿತೇ ಎಂದು ಜಗಳಕ್ಕೆ ನಿಲ್ಲುತ್ತಾರೆ. ಬಿಯರೂ ಹುರಿದ ಕಾಳಿನ ವ್ಯವಹಾರವೇ ಅಲ್ಲವೇ? ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿ (ಅದೇ ಮಾಲ್ಟ್) ಹುರಿಯುವ ಹದದಲ್ಲಿಯೇ ಅದರ ಬಣ್ಣ, ಅರ್ಧ ರುಚಿ ನಿರ್ಧಾರವಾಗುತ್ತದೆ. 1516ರ ಬವೇರಿಯಾದ ಶಾಸನ ಬಿಯರಿಗೆ ನೀರು, ಬಾರ್ಲಿ, ಹಾಪ್ಸ್ ಹೂವು ಇಷ್ಟನ್ನೇ ಬಿಟ್ಟುಕೊಟ್ಟಿತ್ತು. ಅಷ್ಟರಲ್ಲೇ ಇಲ್ಲಿಯವರು ಚಿನ್ನದ ಬಣ್ಣದ್ದರಿಂದ ಡಿಕಾಕ್ಷನ್ ಬಣ್ಣದ್ದರವರೆಗೆ ಮಾಡಿಕೊಂಡರು.

ಮ್ಯೂನಿಕ್‌ನಲ್ಲಿ ನಮ್ಮ ಮೇಲಿನ ಮನೆಯಲ್ಲಿರುವ ಅಜ್ಜಿಗೆ ಬಿಯರ್ ಎಂದರೆ ಬೆಲ್ಲ, ಹುಣಸೆಹಣ್ಣಿನ ಸಾಲಿಗೆ ಸೇರುವ ವಸ್ತು. ಕಪಾಟಿನಲ್ಲಿ ವಿನೆಗರಿನ ಪಕ್ಕವೇ ಇಡುತ್ತಾರೆ. ನಾನು ಸಾಸಿವೆಗೆಂದು ತಂದ ದುಬಾರಿ ಐಪಿಎ, ಹಾಪ್ಸ್ ಜಾಸ್ತಿ ಬಿದ್ದ ಕಹಿ ಬಿಯರ್, ನೋಡಿ ಅವರು ತಲೆಯಾಡಿಸಿದರು. ಆಮೇಲೆ ನಾಲ್ಕಾರು ಬಿಯರುಗಳನ್ನು ಲೋಟಗಳಿಗೆ ಸುರಿದು, ಮೇಜಿನ ಮೇಲೆ ಸಂಜೆಯವರೆಗೆ ಹಾಗೇ ಬಿಟ್ಟರು. ನೊರೆ ಇಳಿಯಿತು, ತಂಪು ಹೋಯಿತು. ಈಗ ಒಂದೊಂದೇ ಗುಟುಕು ಕುಡಿ ಎಂದರು. ತಂಪು ಹೋದ ಮೇಲೂ ಬಾಯಿಗೆ ಹಿತವಾಗಿರುವುದು ಮಾತ್ರ ಅಡುಗೆಗೆ ಬರುತ್ತದಂತೆ. ನಮ್ಮ ತಾರಸಿಯ ಸ್ಟ್ರಾಂಗನ್ನು ಈ ಪರೀಕ್ಷೆಗೆ ಕೂರಿಸಿದರೆ ಏನಾಗುತ್ತಿತ್ತೋ, ಬೇಡ ಬಿಡಿ.

ಆ ಮೇಜಿನ ಮೇಲೆ ಗೆದ್ದದ್ದು ಡುಂಕೆಲ್, ಮ್ಯೂನಿಕ್‌ನ ಹಳೆಯ ಕಂದು ಬಿಯರ್. ರೊಟ್ಟಿಯ ಸುಟ್ಟ ಅಂಚಿನ ರುಚಿ, ಕಹಿ ಕಡಿಮೆ. ಸಾಸಿವೆಯನ್ನು ಅರೆದ ಹೊಸತರಲ್ಲಿ ಅದೇ ಬಾಯಿ ಒಗರುವಷ್ಟು ಕಹಿ. ಅದರ ಮೇಲೆ ಹಾಪ್ಸ್‌ನ ಕಹಿಯನ್ನೂ ಏಕೆ ಹೇರಬೇಕು ಎಂಬುದು ಅಜ್ಜಿಯ ವಾದ. ಕಂದು ಸಾಸಿವೆ, ಹಳದಿ ಸಾಸಿವೆ ಸಮಸಮ ತೆಗೆದುಕೊಂಡು ರಾತ್ರಿಯಿಡೀ ಡುಂಕೆಲ್‌ನಲ್ಲಿ ನೆನೆಸುತ್ತಾರೆ. ಬೆಳಿಗ್ಗೆ ತರಿತರಿಯಾಗಿ ಅರೆದು, ಹತ್ತು ನಿಮಿಷ ಬಿಟ್ಟು, ಘಾಟು ಮೂಗಿಗೆ ಏರಿದ ಮೇಲೆಯೇ ವಿನೆಗರ್, ಉಪ್ಪು, ಸಕ್ಕರೆ ಸೇರಿಸುತ್ತಾರೆ. ಕಾಳು ಒಡೆದು ನೀರು ತಾಗಿದಾಗ ಅದರೊಳಗಿನ ಕಿಣ್ವ ಕೆಲಸಕ್ಕೆ ಇಳಿದು ಖಾರ ಹುಟ್ಟುತ್ತದೆ. ಹುಳಿ ಬಿದ್ದರೆ ಆ ಕೆಲಸ ನಿಧಾನಿಸುತ್ತದೆ, ಹುಟ್ಟಿದ ಖಾರ ಬೇಗ ಹಾರಿಹೋಗುವುದಿಲ್ಲ. ಬಿಯರಿನಲ್ಲೂ ಹುಳಿಯಿದೆ, ಆದರೆ ಕೆಡದಂತೆ ಕಾಯುವಷ್ಟಿಲ್ಲ. ಅದಕ್ಕೆ ವಿನೆಗರೇ ಬೇಕು. ಒಂದು ವಾರ ಫ್ರಿಜ್ಜಿನಲ್ಲಿಟ್ಟರೆ ಕಹಿ ತಗ್ಗಿ ಮಾಲ್ಟಿನ ಸಿಹಿ ಮೇಲೆ ಬರುತ್ತದೆ. ಇಲ್ಲಿಯವರು ಇದನ್ನು ಬಿಳಿ ಸಾಸೇಜಿಗೆ ಹಚ್ಚುತ್ತಾರೆ, ನಾನು ಬ್ರೆಟ್ಸೆಲ್ ಎಂಬ ಉಪ್ಪು ಹರಳಿನ ಬ್ರೆಡ್ಡಿಗೆ.

ಬರೀ ಹಳದಿ ಸಾಸಿವೆಯಾದರೆ ಗೋಧಿ ಬಿಯರ್ ಒಗ್ಗುತ್ತದೆ. ಅದರ ಯೀಸ್ಟು ತಾನಾಗಿಯೇ ಲವಂಗದ, ಬಾಳೆಹಣ್ಣಿನ ವಾಸನೆ ಕೊಡುತ್ತದೆ, ಮಸಾಲೆ ಹಾಕುವ ಕೆಲಸವಿಲ್ಲ. ಕುದಿಸುವ ಪದಾರ್ಥಗಳ ಲೆಕ್ಕ ಬೇರೆ. ಈರುಳ್ಳಿ ಜಾಮ್‌ಗೆ ಅಜ್ಜಿ ಡಾಪಲ್‌ಬಾಕ್ ಸುರಿಯುತ್ತಾರೆ. ಸನ್ಯಾಸಿಗಳು ಉಪವಾಸದ ದಿನಗಳಿಗೆಂದು ಕಾಸುತ್ತಿದ್ದ ದಪ್ಪ ಬಿಯರಿನ ವಂಶ ಅದು. ಕುದಿಯುತ್ತ ನೀರು ಬತ್ತಿದಂತೆ ಹಾಪ್ಸ್‌ನ ಪರಿಮಳ ಆವಿಯಾಗುತ್ತದೆ, ಕಹಿ ಮಾತ್ರ ತಳದಲ್ಲಿ ಗಟ್ಟಿಯಾಗುತ್ತದೆ. ನನ್ನ ಐಪಿಎಗೆ ಅವರು ತಲೆಯಾಡಿಸಿದ್ದು ಇದಕ್ಕೂ ಹೌದು. ಇನ್ನೊಂದು ಎಚ್ಚರಿಕೆ: ಗ್ಯಾಸ್ ಹೋಗದ ಬಿಯರನ್ನು ಸಕ್ಕರೆಯೊಂದಿಗೆ ಒಲೆಗಿಟ್ಟರೆ ಉಕ್ಕಿ ಒಲೆಯೆಲ್ಲ ಪಾಕ.

ಇಷ್ಟು ವಿವೇಚನೆ ನಮ್ಮವರಿಗೆ ಅಸಾಧ್ಯವಲ್ಲ. ಅಪ್ಪೆಮಿಡಿಗೆ ಯಾವ ಮರದ್ದು ಎಂದು ಕೇಳುವ ಜನ ನಾವು. ಉಪ್ಪುನೀರನ್ನು ಕುದಿಸಿ, ಪೂರ್ತಿ ಆರಿಸಿ, ಅದರಲ್ಲೇ ಸಾಸಿವೆ ಅರೆಯಬೇಕೆಂದು ಅತ್ತೆ ಹೇಳುವುದೂ ಅಜ್ಜಿಯ ವಿದ್ಯೆಯೇ. ಬಿಸಿ ತಾಗಿದರೆ ಆ ಕಿಣ್ವ ಸತ್ತು ಘಾಟೇ ಹುಟ್ಟುವುದಿಲ್ಲ. ಬಿಯರಿನ ವಿಷಯಕ್ಕೆ ಬಂದಾಗ ಮಾತ್ರ ನಮ್ಮ ನಾಲಿಗೆ ಮುಚ್ಚಿಕೊಳ್ಳುತ್ತದೆ, ಕತ್ತಲಲ್ಲಿ ಗಟಗಟ ಕುಡಿದು ಮುಗಿಸುವುದಕ್ಕೆ ರುಚಿ ಯಾಕೆ ಎಂದು.

ಹೀಗೆ ಬರೆಯುವುದು ಇಷ್ಟು ದೂರದಿಂದ ಸುಲಭ. 2007ರಲ್ಲಿ ರಾಜ್ಯ ಸಾರಾಯಿ ನಿಷೇಧಿಸುವ ಮೊದಲು ನಮ್ಮೂರಿನಲ್ಲಿ ಎಷ್ಟೋ ಮನೆಗಳ ಕೂಲಿ ದುಡ್ಡು ಸಂಜೆಯೊಳಗೆ ಖಾಲಿಯಾಗುತ್ತಿತ್ತು. ಅತ್ತೆಯ ಮನೆಗೆ ಅಡಿಕೆ ಸುಲಿಯಲು ಬರುತ್ತಿದ್ದ ಹೆಂಗಸರ ಕಣ್ಣೀರು ಅವರು ಕಂಡದ್ದು, ನಾನಲ್ಲ. ಬಾಟಲಿ ಎಂದರೆ ಅವರಿಗೆ ಕಾಣುವುದು ಮಾಲ್ಟೂ ಅಲ್ಲ, ಹಾಪ್ಸೂ ಅಲ್ಲ. ಇಲ್ಲಿಯ ರೈಲು ನಿಲ್ದಾಣದಲ್ಲೂ ಬೆಳಿಗ್ಗೆಯೇ ಬಾಟಲಿ ಹಿಡಿದು ತೂರಾಡುವವರಿದ್ದಾರೆ. ಅಜ್ಜಿಯ ಕಪಾಟನ್ನು ಹೊಗಳುವಾಗ ನಾನು ಅವರನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಮತ್ತೆ, ಸೌತೆಕಾಯಿ ಸಾಸಿವೆಯ ಮಾತು ಬಂದರೆ ನಾನು ಪಕ್ಷ ಬದಲಿಸುತ್ತೇನೆ. ಊಟದ ಹೊತ್ತಿಗೆ ಕಾಯಿಯೊಡನೆ ಹಸಿಯಾಗಿ ಅರೆದ ಅದರ ಘಾಟು ವಾರ ಕಳೆದ ಯಾವ ಬಾಟಲಿಯಲ್ಲೂ ಉಳಿದಿರುವುದಿಲ್ಲ. ಒಮ್ಮೆ ಅದಕ್ಕೂ ಒಂದು ಚಮಚ ಗೋಧಿ ಬಿಯರ್ ಹಾಕೋಣವೇ ಎಂದು ಅಜ್ಜಿ ಕೇಳಿದರು. ಬೇಡ ಎಂದೆ, ಸ್ವಲ್ಪ ಜೋರಾಗಿಯೇ.